ಬಲಗೈಯ ಜೋಮು, ತಪ್ಪಿದ ಲೆಕ್ಕ: ಆಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನ ರಕ್ತನಾಳದ ಪಾಲು – ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ರೋಗಿ 71 ವರ್ಷದ ಗಂಡಸು. ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿ, ಅಂದರೆ ಲೆಕ್ಕದ ಗುಮಾಸ್ತರಾಗಿ, ಇದ್ದು ನಿವೃತ್ತರಾದವರು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಬಟವಾಡೆ, ಗೊಬ್ಬರದ ದಾಸ್ತಾನು ಎಲ್ಲ ಅವರ ಕೈಯಲ್ಲೇ ಇತ್ತು. ಗುರುತು ಸಿಗದ ಹಾಗೆ ವಯಸ್ಸು, ತೋಟ, ಮನೆಯ ವಿವರಗಳನ್ನು ಬದಲಿಸಿದೆ. ಇಲ್ಲಿ ಅವರನ್ನು ರೈಟರು ಎಂದೇ ಕರೆಯೋಣ.

ನಿವೃತ್ತಿಯ ಮೇಲೂ ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕ ಬರೆಯಲು ಸಾಹುಕಾರರು ಅವರನ್ನೇ ಕರೆಸುತ್ತಿದ್ದರು. ತೊಂದರೆ ಮೊದಲು ಕಂಡದ್ದು ಅಲ್ಲಿ. ಒಬ್ಬಳ ಚೀಲ ಎರಡು ಸಲ ಏರಿತ್ತು, ಇನ್ನೊಬ್ಬಳ ಹೆಸರಿನ ಮುಂದೆ ಕಿಲೋ ಬರೆಯುವ ಕಡೆ ಹಿಂದಿನ ದಿನದ ತಾರೀಕು ಕೂತಿತ್ತು. ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವುದರಿಂದ ಶನಿವಾರದ ಬಟವಾಡೆಯಲ್ಲಿ ಗಲಾಟೆಯಾಯಿತು. ಮಗ ಆ ಪುಸ್ತಕವನ್ನು ತಪಾಸಣೆಗೆ ತಂದಿದ್ದು ಒಳ್ಳೆಯದೇ ಆಯಿತು. ಅಕ್ಷರ ಮೊದಲಿನ ಹಾಗೇ ದುಂಡಗಿತ್ತು. ಆದರೆ ಪುಟದ ಬಲ ಅಂಚಿನಲ್ಲಿ ಕೂಡಿದ ಮೊತ್ತವನ್ನು ಮೂರು ಕಡೆ ಕೆರೆದು ತಿದ್ದಿದ್ದರು, ತಿದ್ದಿದ್ದೂ ತಪ್ಪಾಗಿತ್ತು. ಬರೀ ಮರೆವಾಗಿದ್ದರೆ ಹೆಸರು ಬಿಟ್ಟುಹೋಗುತ್ತಿತ್ತು. ಕಾಲಂ ತಪ್ಪುವುದು, ತಿದ್ದುವಾಗ ದಾರಿ ತಪ್ಪುವುದು ಮಿದುಳಿನ ಮುಂಭಾಗಕ್ಕೂ ಅದರ ಒಳದಾರಿಗಳಿಗೂ ಏಟು ಬಿದ್ದಿದೆಯೇ ಎಂಬ ಅನುಮಾನ ಹುಟ್ಟಿಸುತ್ತದೆ. ರಕ್ತನಾಳದ ಕಾಯಿಲೆ ಹೆಚ್ಚಾಗಿ ಆ ದಾರಿಯಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ.

ಇದರ ಜೊತೆ ಆಲ್ಜೈಮರ್‌ನ ಸಾಮಾನ್ಯ ಲಕ್ಷಣಗಳೂ ಇದ್ದವು. ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ಇಲ್ಲ, ಕೇಳಿದ್ದನ್ನೇ ಕೇಳುವುದು, ಸಂತೆಗೆ ಹೋದವರು ಮನೆಯ ತಿರುವಿನಲ್ಲಿ ತಡವರಿಸುವುದು. ಎರಡು ವರ್ಷದಿಂದ ನಿಧಾನಕ್ಕೆ ಹೆಚ್ಚುತ್ತಿದೆ ಎಂದು ಹೆಂಡತಿ ಹೇಳಿದರು. ಬಿಪಿ ಹತ್ತು ವರ್ಷದಿಂದ ಇದೆ, ಮಾತ್ರೆ ಮನಸ್ಸು ಬಂದಾಗ ಮಾತ್ರ. ಶುಗರ್ ಇಲ್ಲ. ನಿದ್ದೆ ಬರುವುದಿಲ್ಲವೆಂದು ಯಾರೋ ಬರೆದುಕೊಟ್ಟ ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ. ರಾತ್ರಿ ಹೊತ್ತು ನಡೆದೇ ಇತ್ತು.

ಸಮಸ್ಯೆ

ಹಾಸನಕ್ಕೆ ಕರೆತಂದಿದ್ದು ಮರೆವಿಗಲ್ಲ, ಕೈಜೋಮಿಗೆ. ಬಲಗೈಯ ಹೆಬ್ಬೆರಳು, ತೋರುಬೆರಳಲ್ಲಿ ಜುಮ್ಮೆನ್ನುವುದು ಶುರುವಾಗಿ, ಮೊಣಕೈಗೆ ಏರಿ, ಆಮೇಲೆ ಬಾಯಿಯ ಬಲ ಮೂಲೆಗೆ ಬರುತ್ತಿತ್ತು. ಅಷ್ಟು ದೂರ ಹರಿಯಲು ಎಂಟು ಹತ್ತು ನಿಮಿಷ, ಇಳಿಯಲು ಇನ್ನೊಂದು ಅಷ್ಟು. ಕೈ ಬೀಳುತ್ತಿರಲಿಲ್ಲ, ಪ್ರಜ್ಞೆ ತಪ್ಪುತ್ತಿರಲಿಲ್ಲ. ಮೊದಲ ಸಲ ಬಂದಾಗ ಇದನ್ನು ಸಣ್ಣ ಸ್ಟ್ರೋಕ್ ಎಂದು ತಿಳಿದು ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75, ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟ್ಯಾಟಿನ್ 20 ಶುರು ಮಾಡಿದ್ದರು. ವಯಸ್ಸಾದ, ಬಿಪಿ ಇರುವ ರೋಗಿಗೆ ಒಂದು ಪಕ್ಕ ಜೋಮು ಬಂದು ಹೋಯಿತು ಎಂದರೆ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆಗ ಮಾಡಿದ ಎಂಆರ್‌ಐ ವರದಿಯಲ್ಲಿ ಹೊಸ ಇನ್‌ಫಾರ್ಕ್ಟ್ (ರಕ್ತ ಸಿಗದೆ ಸತ್ತ ಭಾಗ) ಇರಲಿಲ್ಲ. ವಯಸ್ಸಿಗೆ ತಕ್ಕ ಕುಗ್ಗುವಿಕೆ, ಸಣ್ಣ ರಕ್ತನಾಳಗಳ ಹಳೆಯ ಬದಲಾವಣೆ ಎಂದಷ್ಟೇ ಬರೆದಿತ್ತು.

ರಕ್ತ ತೆಳುವಾಗಿಸುವ ಎರಡು ಮಾತ್ರೆ, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ನಡೆಯುತ್ತಿದ್ದಾಗಲೇ ಜೋಮು ಮತ್ತೆ ಮತ್ತೆ ಬಂತು. ಮಾತ್ರೆ ಸಾಲುತ್ತಿಲ್ಲ, ಇನ್ನೂ ಜೋರಿನದು ಕೊಡಿ ಎಂದು ಮನೆಯವರು ಕೇಳಿದರು. ಈ ಪ್ರಕರಣದ ಮೊದಲ ಕವಲು ಇದು.

ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಜೋಮು, ಬಲಹೀನತೆ ತಟ್ಟನೆ ಬರುತ್ತದೆ, ಕೈ ಮುಖ ಎಲ್ಲ ಒಟ್ಟಿಗೆ. ಬೆರಳಿನಿಂದ ಬಾಯಿಗೆ ನಿಮಿಷಗಟ್ಟಲೆ ಹರಿದು ಬಂದಿದ್ದರೆ ಮಿದುಳಿನ ಹೊರಪದರದ ಮೇಲೆ ಉತ್ತೇಜನದ ಅಲೆಯೊಂದು ಸಾಗುತ್ತಿದೆ ಎಂದು ಯೋಚಿಸಬೇಕು. ಮೈಗ್ರೇನ್‌ನಲ್ಲಿ ಹೀಗಾಗುತ್ತದೆ, ಫಿಟ್ಸ್‌ನಲ್ಲಿ ಇದಕ್ಕಿಂತ ಬೇಗ ಹರಿಯುತ್ತದೆ. ಎಪ್ಪತ್ತು ದಾಟಿದವರಲ್ಲಿ ಹೊಸದಾಗಿ ಶುರುವಾದರೆ ಇನ್ನೊಂದು ಕಾರಣ ಹುಡುಕಲೇಬೇಕು: ಮಿದುಳಿನ ಮೇಲ್ಮೈಗೆ ಜಿನುಗಿದ ರಕ್ತ. ಅದಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆಯೇ.

ಹಳೆಯ ಎಂಆರ್‌ಐ ಪ್ಲೇಟುಗಳನ್ನು ತೆಗೆದು ನೋಡಿದರೆ ಎಸ್‌ಡಬ್ಲ್ಯುಐ ಇರಲಿಲ್ಲ. ಸಣ್ಣ ಹಳೆಯ ರಕ್ತಸ್ರಾವದಲ್ಲಿ ಉಳಿದ ಕಬ್ಬಿಣಾಂಶವನ್ನು ತೋರಿಸುವ ಚಿತ್ರಣ ಅದು. ಉಳಿದ ಚಿತ್ರಣಗಳಲ್ಲಿ ಆ ಚುಕ್ಕಿಗಳು ಬಹುಪಾಲು ಕಾಣುವುದೇ ಇಲ್ಲ. ಯಂತ್ರದ ಮೇಲೆ ಹೆಚ್ಚೆಂದರೆ ಐದು ನಿಮಿಷದ ಕೆಲಸ, ಆದರೂ ‘ಬ್ರೈನ್ ಪ್ಲೇನ್’ (ಮಿದುಳಿನ ಸಾದಾ ಸ್ಕ್ಯಾನ್) ಎಂದು ಚೀಟಿ ಬರೆದರೆ ಎಲ್ಲ ಕಡೆ ಅದು ಸೇರಿರುವುದಿಲ್ಲ. ಹೊಸ ಮಾತ್ರೆ ಸೇರಿಸುವುದನ್ನು ತಡೆದು, 1.5 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಎಸ್‌ಡಬ್ಲ್ಯುಐ ಸಹಿತ ಮತ್ತೆ ತೆಗೆಸಲಾಯಿತು.

ಸಿಕ್ಕಿದ್ದು ಇಷ್ಟು. ಮಿದುಳಿನ ಹಿಂಭಾಗ ಮತ್ತು ಪಕ್ಕದ ಭಾಗದ ಹೊರಪದರದಲ್ಲಿ 11 ಸೂಕ್ಷ್ಮ ರಕ್ತಸ್ರಾವದ ಚುಕ್ಕಿ. ಎಡಗಡೆ ಸೆಂಟ್ರಲ್ ಸಲ್ಕಸ್ ಎಂಬ ಸೀಳಿನ ಗುಂಟ ಕಪ್ಪು ಗೆರೆ, ಅಂದರೆ ಮೇಲ್ಮೈ ಸಿಡರೋಸಿಸ್: ಮೇಲ್ಮೈಗೆ ಜಿನುಗಿದ ರಕ್ತದ ಕಬ್ಬಿಣಾಂಶ ಉಳಿದ ಗುರುತು. ಬಲಗೈ, ಬಲಮುಖದ ಸ್ಪರ್ಶಜ್ಞಾನ ಇರುವ ಜಾಗ ಆ ಸೀಳಿನ ಹಿಂದಿನ ದಡ. ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಮಿದುಳುಕಾಂಡದಲ್ಲಿ ಒಂದು ಚುಕ್ಕಿಯೂ ಇಲ್ಲ. ಬರೀ ಬಿಪಿಯಿಂದ ಹಾಳಾಗಿದ್ದರೆ ಆ ಒಳಭಾಗಗಳಲ್ಲೇ ಮೊದಲು ಕಾಣಬೇಕಿತ್ತು. ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಎರಡೂ ಕಡೆ ಸಣ್ಣಗಾಗಿತ್ತು. 50 ದಾಟಿದ ರೋಗಿಯಲ್ಲಿ, ಹೊರಪದರಕ್ಕೆ ಸೀಮಿತವಾದ ಎರಡು ಅಥವಾ ಹೆಚ್ಚು ರಕ್ತಸ್ರಾವದ ಗುರುತು ಇದ್ದು ಬೇರೆ ಕಾರಣ ಸಿಗದಿದ್ದರೆ, ಈ ಕಾಯಿಲೆ ಗುರುತಿಸಲು ವೈದ್ಯರು ಬಳಸುವ 2022ರ ಬಾಸ್ಟನ್ ಮಾನದಂಡದ ಪ್ರಕಾರ ಅದು ‘ಸಂಭಾವ್ಯ ಸೆರೆಬ್ರಲ್ ಅಮಿಲಾಯ್ಡ್ ಆಂಜಿಯೋಪತಿ’. ಆಲ್ಜೈಮರ್‌ನಲ್ಲಿ ಕಸದಂತೆ ಕೂಡಿಕೊಳ್ಳುವ ಅಮಿಲಾಯ್ಡ್ ಪ್ರೋಟೀನು ಮಿದುಳಿನ ಅಂಗಾಂಶದಲ್ಲಿ ಮಾತ್ರವಲ್ಲ, ನಾಳದ ಗೋಡೆಯಲ್ಲೂ ಕೂತಿದೆ ಎಂದರ್ಥ.

ಆಗ ಮಗ ಕೇಳಿದ ಪ್ರಶ್ನೆ: “ಡಾಕ್ಟ್ರೇ, ಮೊದ್ಲು ಸ್ಟ್ರೋಕ್ ಅಂದ್ರು, ಆಮೇಲೆ ಮರೆವಿನ ಕಾಯ್ಲೆ ಅಂದ್ರು, ಈಗ ನೀವು ತಲೇಲಿ ನರ ಜಿನುಗ್ತಿದೆ ಅಂತೀರಿ. ಅಪ್ಪಂಗೆ ಆಗಿರೋದು ಇದ್ರಲ್ಲಿ ಯಾವ್ದು?”

ಎರಡು ಕಾಯಿಲೆಯಲ್ಲ, ಒಂದೇ ಕಾಯಿಲೆಯ ಎರಡು ಮುಖ ಎಂಬುದು ಉತ್ತರ. ಮುಂದಿನ ಪ್ರತಿ ತೀರ್ಮಾನವೂ ಅದನ್ನೇ ಹಿಡಿದು ನಡೆದದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ನಾಳದ ಗೋಡೆಯಲ್ಲಿ ನಡೆಯುವ ಮಾತುಕತೆ

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2. ಸುಮ್ಮನೆ ಕೂತ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಅದರ ಪಾಲು ಸುಮಾರು 20. ಕೂಡಿಟ್ಟುಕೊಳ್ಳುವ ಉಗ್ರಾಣ ಅದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಯಾವ ಮೂಲೆ ಕೆಲಸ ಮಾಡುತ್ತಿದೆಯೋ ಆ ಮೂಲೆಗೆ ಆ ಹೊತ್ತಿಗೆ ರಕ್ತ ಹೋಗಬೇಕು. ಇದನ್ನು ನಡೆಸುವವು ಮೂರು ಬಗೆಯ ಜೀವಕೋಶಗಳು. ನಾಳದ ಒಳಗೋಡೆಗೆ ಹಾಸಿದ ಎಂಡೋಥೀಲಿಯಲ್ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಕ್ಲಾಡಿನ್-5 ಎಂಬ ಪ್ರೋಟೀನು ಆ ಹೊಲಿಗೆಯ ಮುಖ್ಯ ಎಳೆ. ಅವುಗಳ ಹೊರಗೆ ಲೋಮನಾಳವನ್ನು ತಬ್ಬಿ ಕೂತವು ಪೆರಿಸೈಟ್‌ಗಳು. ಅದರಾಚೆ ಆಸ್ಟ್ರೋಸೈಟ್‌ಗಳು ತಮ್ಮ ಪಾದಗಳನ್ನು ನಾಳದ ಸುತ್ತ ಊರಿರುತ್ತವೆ. ಕೆರೆ ತೂಬಿನ ಬಳಿ ನಿಂತು ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವ ನೀರುಗಂಟಿಯ ಕೆಲಸ ಪೆರಿಸೈಟ್‌ನದು ಎಂದಾಗ ಮನೆಯವರಿಗೆ ಥಟ್ಟನೆ ಅರ್ಥವಾಯಿತು.

ಈ ಮೂರೂ ತಮ್ಮೊಳಗೆ ರಾಸಾಯನಿಕ ಸಂಕೇತ ಕಳಿಸಿಕೊಳ್ಳುತ್ತಲೇ ಇರುತ್ತವೆ. ಎಂಡೋಥೀಲಿಯಲ್ ಕೋಶ ಪಿಡಿಜಿಎಫ್-ಬಿಬಿ ಎಂಬ ಪ್ರೋಟೀನು ಬಿಡುತ್ತದೆ, ಪೆರಿಸೈಟ್ ಅದನ್ನು ತನ್ನ ಮೈಮೇಲಿನ ಪಿಡಿಜಿಎಫ್ಆರ್-ಬೀಟಾ ಗ್ರಾಹಕದಿಂದ ಹಿಡಿದು ಅಲ್ಲೇ ಅಂಟಿಕೊಂಡು ಬದುಕುತ್ತದೆ. ಪೆರಿಸೈಟ್‌ಗೆ ಗಾಯವಾದರೆ ಆ ಗ್ರಾಹಕದ ತುಂಡುಗಳು ಬೆನ್ನುಹುರಿಯ ದ್ರವದಲ್ಲಿ ತೇಲುತ್ತವೆ. ನಾಳದ ಆರೋಗ್ಯ ಅಳೆಯಲು ಸಂಶೋಧಕರು ಬಳಸುವ ಅಳತೆಗೋಲುಗಳಲ್ಲಿ ಇದೂ ಒಂದು. ಪೆರಿಸೈಟ್ ಮತ್ತು ಒಳಗೋಡೆಯ ನಡುವೆ ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂಕೇತವಿದೆ. ಕೋಶದ ಒಳಗೆ ಅದರ ಸುದ್ದಿಯನ್ನು ಕೇಂದ್ರಕ್ಕೆ ಒಯ್ಯುವವುಗಳಲ್ಲಿ ಎಸ್ಎಂಎಡಿ-3 ಪ್ರೋಟೀನು ಒಂದು. ಆಸ್ಟ್ರೋಸೈಟ್ ಬಿಡುವ ವಿಇಜಿಎಫ್-ಎ ನಾಳಗಳನ್ನು ಬೆಳೆಸಿ ಕಾಪಾಡುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಆಲ್ಜೈಮರ್ ಇದ್ದವರ ಮಿದುಳಿನ ಆಸ್ಟ್ರೋಸೈಟ್‌ಗಳಲ್ಲಿ ವಿಇಜಿಎಫ್-ಎ ಕುಗ್ಗಿ, ಪೆರಿಸೈಟ್‌ಗಳಲ್ಲಿ ಎಸ್ಎಂಎಡಿ-3 ಏರಿರುವುದು ಕಂಡಿತು. ಒಂದು ಇಳಿದರೆ ಇನ್ನೊಂದು ಏರುವ ನಂಟು ಇವೆರಡರದು. ಹೊರಗಿನ ಕೋಶ ಕಾಪಾಡುವ ಸುದ್ದಿ ಕಳಿಸುವುದನ್ನು ನಿಲ್ಲಿಸಿದರೆ ಒಳಗಿನದು ತನ್ನ ನಡವಳಿಕೆಯನ್ನೇ ಬದಲಿಸುತ್ತದೆ ಎಂದು ಇದನ್ನು ಓದಬಹುದು.

ಹರಿವಿನ ಕಥೆ ಬೇರೆ. 2019ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ತಂಡ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯರ ಮಿದುಳಿನ ಅಂಗಾಂಶವನ್ನೇ ಇಟ್ಟುಕೊಂಡು ನೋಡಿತು. ಅಮಿಲಾಯ್ಡ್ ಬೀಟಾದ ಸಣ್ಣ ಗುಂಪುಗಳು ತಾಗಿದಾಗ ಆಕ್ಸಿಡೀಕರಣದ ಒತ್ತಡ ಏರುತ್ತದೆ, ಎಂಡೋಥೆಲಿನ್-1 ಹೊರಬರುತ್ತದೆ, ಅದು ಪೆರಿಸೈಟ್ ಮೇಲಿನ ಇಟಿ-ಎ ಗ್ರಾಹಕಕ್ಕೆ ಬಡಿಯುತ್ತದೆ, ಪೆರಿಸೈಟ್ ಬಿಗಿಯಾಗಿ ಲೋಮನಾಳ ಕಿರಿದಾಗುತ್ತದೆ. ನರಕೋಶ ಸಾಯುವ ಎಷ್ಟೋ ಮುಂಚೆ ಅದಕ್ಕೆ ರಕ್ತ ಕಡಿಮೆಯಾಗಬಹುದು ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಇನ್ನು ಕಸ ಸಾಗಿಸುವ ವಿಷಯ. ಅಮಿಲಾಯ್ಡನ್ನು ಮಿದುಳಿನಿಂದ ರಕ್ತಕ್ಕೆ ದಾಟಿಸುವ ದೋಣಿ ಎಲ್ಆರ್‌ಪಿ-1, ರಕ್ತದಿಂದ ಒಳಗೆ ತರುವುದು ರೇಜ್ ಎಂಬ ಗ್ರಾಹಕ. ವಯಸ್ಸಾದಂತೆ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ದಾಟಲಾಗದ ಅಮಿಲಾಯ್ಡ್ ಗೋಡೆಯಲ್ಲೇ ಕೂರುತ್ತದೆ. ಅಂಗಾಂಶದ ಗಂಟುಗಳಲ್ಲಿ 42 ಅಮೈನೋ ಆಮ್ಲದ ರೂಪ ಹೆಚ್ಚು, ನಾಳದ ಗೋಡೆಯಲ್ಲಿ 40ರದು ಹೆಚ್ಚು. ಗೋಡೆಯ ಸ್ನಾಯುಕೋಶಗಳು ಸತ್ತು ಅದು ಗಡುಸಾಗುತ್ತದೆ, ಒಂದು ದಿನ ಬಿರುಕು ಬಿಡುತ್ತದೆ. ರೈಟರ ಎಸ್‌ಡಬ್ಲ್ಯುಐನಲ್ಲಿ ಕಂಡ ಚುಕ್ಕಿಗಳು ಅವೇ. ಆಲ್ಜೈಮರ್ ಅಪಾಯ ಹೆಚ್ಚಿಸುವ ಎಪಿಒಇ ಜೀನಿನ ಇ-4 ರೂಪ ಇದ್ದವರಲ್ಲಿ ಗೋಡೆ ಇನ್ನೂ ಬೇಗ ಸಡಿಲವಾಗುತ್ತದೆ. ಸೈಕ್ಲೋಫಿಲಿನ್-ಎ, ಎನ್ಎಫ್-ಕಪ್ಪಾ-ಬಿ ದಾರಿಯಲ್ಲಿ ಎಂಎಂಪಿ-9 ಕಿಣ್ವ ಏರಿ ನಾಳದ ಅಡಿಪದರವನ್ನೂ ಹೊಲಿಗೆಯನ್ನೂ ಕತ್ತರಿಸುವುದು 2012ರಲ್ಲಿ ಇಲಿಗಳಲ್ಲಿ ಕಂಡಿತ್ತು. 2020ರಲ್ಲಿ ಮನುಷ್ಯರಲ್ಲೂ, ಮರೆವು ಶುರುವಾಗದ ಇ-4 ಇದ್ದವರ ಹಿಪೊಕ್ಯಾಂಪಸ್‌ನಲ್ಲಿ ಗೋಡೆ ಸೋರುವುದು ಕಂಡಿತು. ಆಲ್ಜೈಮರ್ ಅಪಾಯದ ಮುಂಚೂಣಿಯ 45 ಜೀನುಗಳಲ್ಲಿ 30 ಮಿದುಳಿನ ನಾಳಕ್ಕೆ ಸೇರಿದ ಕೋಶಗಳಲ್ಲಿ ಸಕ್ರಿಯವಾಗಿವೆ ಎಂದು 2022ರ ನಾಳಕೋಶಗಳ ನಕ್ಷೆ ತೋರಿಸಿದೆ. ನಾಳವನ್ನು ಬರೀ ಕೊಳವೆ ಎಂದುಕೊಂಡು ಕೂತಿದ್ದ ಕಾಲ ಮುಗಿಯಿತು.

ಒಂದು ಎಚ್ಚರಿಕೆ ಇಲ್ಲಿ ಬೇಕು. ಇದರಲ್ಲಿ ಬಹುಪಾಲು ಇಲಿಗಳಲ್ಲಿ, ಸತ್ತವರ ಮಿದುಳಲ್ಲಿ, ತಟ್ಟೆಯ ಕೋಶಗಳಲ್ಲಿ ಕಂಡದ್ದು. ಬದುಕಿರುವ ರೋಗಿಯ ಎಸ್ಎಂಎಡಿ-3 ಅಳೆದು ಮಾತ್ರೆ ಬರೆಯುವ ಕಾಲ ಬಂದಿಲ್ಲ. ಸಂಕೇತವನ್ನೇ ತಿದ್ದಲು ಹೊರಟ ಔಷಧಗಳು ಸೋತೂ ಇವೆ: ರೇಜ್ ತಡೆಯುವ ಅಜೆಲಿರಾಗಾನ್ 2018ರಲ್ಲಿ ಸೋತಿತು, ಬಿಪಿ ಮಾತ್ರೆ ನಿಲ್ವಾಡಿಪಿನ್ ಅದೇ ವರ್ಷ, ಮಿದುಳು ಕುಗ್ಗುವುದನ್ನು ತಡೆಯಲು ಲೋಸಾರ್ಟನ್ 2021ರಲ್ಲಿ. ಹಾಗಾದರೆ ಇಷ್ಟೆಲ್ಲ ತಿಳಿದು ರೈಟರಿಗೆ ಏನು ಬಂತು? ಯಾವುದನ್ನು ಕೊಡಬಾರದು ಎಂಬುದು ಗೊತ್ತಾಯಿತು. ಈ ಪ್ರಕರಣದಲ್ಲಿ ಕೊಟ್ಟದ್ದಕ್ಕಿಂತ ಕೊಡದೆ ಬಿಟ್ಟದ್ದರ ತೂಕವೇ ಹೆಚ್ಚು.

ಮಾಡಿ ನೋಡಿದ್ದು

ಮೊದಲು ಕ್ಲೋಪಿಡೋಗ್ರೆಲ್ ಮತ್ತು ಆಸ್ಪಿರಿನ್ ಎರಡನ್ನೂ ನಿಲ್ಲಿಸಲಾಯಿತು. ನಿಲ್ಲಿಸುವ ಮುಂಚೆ ಇಸಿಜಿ, 24 ಗಂಟೆ ಹೃದಯ ಬಡಿತ ದಾಖಲಿಸುವ ಹೋಲ್ಟರ್, ಕತ್ತಿನ ನಾಳಗಳ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ತಾಳ ತಪ್ಪುವ ಕಾಯಿಲೆ) ಇಲ್ಲ, ಕತ್ತಿನ ಕೆರೋಟಿಡ್ ನಾಳ ಕಿರಿದಾಗಿಲ್ಲ ಎಂದು ಖಚಿತ ಮಾಡಿಕೊಂಡದ್ದು ಮುಖ್ಯ. ಹೃದಯಕ್ಕೆ ಸ್ಟೆಂಟ್ ಹಾಕಿರಲಿಲ್ಲ, ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಇವುಗಳಲ್ಲಿ ಒಂದಿದ್ದರೂ ತೀರ್ಮಾನ ಇಷ್ಟು ಸಲೀಸಾಗಿರುತ್ತಿರಲಿಲ್ಲ. ಹೃದ್ರೋಗ ತಜ್ಞರ ಜೊತೆ ಕೂತು ಎರಡು ಅಪಾಯವನ್ನೂ ತೂಗಬೇಕಾಗುತ್ತಿತ್ತು. ಸ್ಟ್ಯಾಟಿನ್ ಬಗ್ಗೆ ತಂಡದಲ್ಲೇ ಎರಡು ಮಾತಿತ್ತು. ಇನ್‌ಫಾರ್ಕ್ಟ್‌ನ ಸಾಕ್ಷಿಯೇ ಇಲ್ಲವೆಂದು ಕೊನೆಗೆ ಅದನ್ನೂ ಬಿಡಿಸಲಾಯಿತು.

ಮಾತ್ರೆ ಬಿಡಿಸುವುದು ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ‘ಸ್ಟ್ರೋಕ್ ಮಾತ್ರೆ ಜೀವಮಾನವಿಡೀ’ ಎಂದು ಕೇಳಿ ಬಂದವರು. ಎಸ್‌ಡಬ್ಲ್ಯುಐ ಚಿತ್ರವನ್ನು ಪರದೆ ಮೇಲೆ ಹಾಕಿ, ಒಂದೊಂದೇ ಕಪ್ಪು ಚುಕ್ಕಿಯನ್ನು ಸೊಸೆಯ ಕೈಲೇ ಎಣಿಸಿದ ಮೇಲೆ ಮಾತು ನಿಂತಿತು. ಜೊತೆಗೆ ಒಂದು ಚೀಟಿ ಬರೆದುಕೊಡಲಾಯಿತು: ಈ ರೋಗಿಗೆ ಸೆರೆಬ್ರಲ್ ಅಮಿಲಾಯ್ಡ್ ಆಂಜಿಯೋಪತಿ ಇದೆ, ಕೈಕಾಲು ಬಿದ್ದು ತುರ್ತಾಗಿ ಕರೆತಂದರೆ ಸಿಟಿ ಮತ್ತು ನರರೋಗ ತಜ್ಞರ ಮಾತಿಲ್ಲದೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಡ. ಅದು ಅಂಗಿಯ ಜೇಬಿನಲ್ಲೂ, ಮಗನ ಫೋನಿನಲ್ಲೂ ಇದೆ. ರಾತ್ರಿ ಹೊತ್ತು ಬೇರೆ ಊರಿನ ಕ್ಯಾಶುವಾಲ್ಟಿಯಲ್ಲಿ ಕೂತ ಡ್ಯೂಟಿ ಡಾಕ್ಟರಿಗೆ ಇದನ್ನು ಬಾಯಲ್ಲಿ ಹೇಳಿ ನಂಬಿಸುವುದು ಕಷ್ಟ.

ಅಮಿಟ್ರಿಪ್ಟಿಲಿನ್ ನಿಲ್ಲಿಸಿದ್ದು ಎರಡನೆಯದು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಅಡ್ಡ ಬರುವ ಇಂಥ ಮಾತ್ರೆಯನ್ನು ಒಂದು ಕೈಯಲ್ಲಿ ಕೊಡುತ್ತ, ಅದನ್ನೇ ಹೆಚ್ಚಿಸುವ ಆಲ್ಜೈಮರ್ ಮಾತ್ರೆ ಡೊನೆಪೆಜಿಲ್ ಅನ್ನು ಇನ್ನೊಂದು ಕೈಯಲ್ಲಿ ಕೊಡುವುದು ಅರ್ಥವಿಲ್ಲದ ಕೆಲಸ, ಆದರೂ ಚೀಟಿಗಳಲ್ಲಿ ಎರಡೂ ಒಟ್ಟಿಗೆ ಕಾಣುವುದು ಅಪರೂಪವಲ್ಲ. ಅದು ನಿಂತ ಮೇಲೆ ರಾತ್ರಿ ಎದ್ದು ‘ತೂಕಕ್ಕೆ ಹೊತ್ತಾಯ್ತು’ ಎಂದು ಹೊರಡುವುದು ಕಡಿಮೆಯಾಯಿತು. ಬಿ12 ಕಡಿಮೆಯಿತ್ತು, ಇಂಜೆಕ್ಷನ್ ಕೊಟ್ಟು ಸರಿಮಾಡಲಾಯಿತು. ಥೈರಾಯ್ಡ್ ಸರಿಯಿತ್ತು. ಇಷ್ಟಾದ ಮೇಲೆಯೇ ನೆನಪು, ಯೋಚನೆ ಅಳೆಯುವ ಮೋಕಾ ಪರೀಕ್ಷೆಯನ್ನು ಕನ್ನಡದಲ್ಲಿ ಮಾಡಿದ್ದು, 30ಕ್ಕೆ 19. ಮುಂಚೆಯೇ ಮಾಡಿದ್ದರೆ ಮಾತ್ರೆಯ ಮಂಪರನ್ನೇ ಕಾಯಿಲೆಯೆಂದು ಅಳೆದಂತಾಗುತ್ತಿತ್ತು.

ಡೊನೆಪೆಜಿಲ್ 5 ಮಿ.ಗ್ರಾಂ. ಶುರು ಮಾಡಿ 10ಕ್ಕೆ ಏರಿಸಿದಾಗ ನಾಡಿ 50ರ ಆಸುಪಾಸಿಗೆ ಇಳಿದು ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಹಾಗಾಗಿ 5ಕ್ಕೇ ವಾಪಸ್.

ಹೆಚ್ಚು ಹೊತ್ತು ಹಿಡಿದದ್ದು ಬಿಪಿ. ಗೋಡೆ ಬಿರುಕು ಬಿಡುವ ರೋಗಿಯಲ್ಲಿ ನಮ್ಮ ಕೈಯಲ್ಲಿರುವ ಒಂದೇ ಗಟ್ಟಿ ಹಿಡಿತ ಅದು. ಪ್ರೋಗ್ರೆಸ್ ಎಂಬ ದೊಡ್ಡ ಬಿಪಿ ಅಧ್ಯಯನದ ಅಂಕಿಗಳನ್ನು 2010ರಲ್ಲಿ ಬಿಡಿಸಿ ನೋಡಿದಾಗ, ಪೆರಿಂಡೊಪ್ರಿಲ್ ಎಂಬ ಬಿಪಿ ಮಾತ್ರೆ ಆಧಾರಿತ ಚಿಕಿತ್ಸೆಯಿಂದ ಅಮಿಲಾಯ್ಡ್ ಆಂಜಿಯೋಪತಿಗೆ ಸೇರಿದ ರಕ್ತಸ್ರಾವ ನೂರಕ್ಕೆ 77 ತಗ್ಗಿತ್ತು. ಬಿಪಿಯನ್ನು 120ರ ಕೆಳಗೆ ಇಳಿಸಿದ 2019ರ ಸ್ಪ್ರಿಂಟ್ ಮೈಂಡ್ ಎಂಬ ಅಧ್ಯಯನದಲ್ಲಿ ಸೌಮ್ಯ ಅರಿವಿನ ಕುಸಿತ ಕಡಿಮೆಯಾಯಿತು, ಆದರೆ ಡಿಮೆನ್ಶಿಯಾ ಕಡಿಮೆಯಾಯಿತು ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ರೈಟರ ಬಿಪಿ ಕೂತಾಗ 168/94. ಗುರಿ 130/80ರ ಒಳಗೆ ಎಂದು ಇಟ್ಟುಕೊಂಡರೂ, ಪೆರಿಸೈಟ್ ಬಿಗಿದು ಕೂತ ಮಿದುಳಿಗೆ ಒತ್ತಡ ಏಕಾಏಕಿ ಇಳಿದರೆ ರಕ್ತ ಸಾಲದೆ ಬರುತ್ತದೆ. ಅದಕ್ಕೆ ವಾರಗಟ್ಟಲೆ ಅಂತರದಲ್ಲಿ ಇಳಿಸಬೇಕು, ರೋಗಿಯನ್ನು ಎದ್ದು ನಿಲ್ಲಿಸಿಯೂ ಅಳೆದು ನೋಡುತ್ತಿರಬೇಕು.

ಸೊಸೆಗೆ ಹೇಳಿಕೊಟ್ಟ ಕ್ರಮ ಹೀಗಿತ್ತು. ಬೆಳಿಗ್ಗೆ ಎದ್ದು, ಮೂತ್ರ ಮುಗಿಸಿ, ಕಾಫಿಗೂ ಮಾತ್ರೆಗೂ ಮುಂಚೆ, ಬೆನ್ನಿಗೆ ಆನಿಕೆ ಕೊಟ್ಟು ಐದು ನಿಮಿಷ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷ ಬಿಟ್ಟು ಮೂರು ಸಲ ತೆಗೆಯುವುದು. ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ಬರೆಯುವುದು. ವಾರಕ್ಕೊಮ್ಮೆ ಎದ್ದು ನಿಲ್ಲಿಸಿ ಮೂರನೇ ನಿಮಿಷಕ್ಕೆ ಇನ್ನೊಂದು. ಮಲೆನಾಡಿನಲ್ಲಿ ‘ಕಾಫಿಗೆ ಮುಂಚೆ’ ಎಂಬುದನ್ನು ಪಾಲಿಸುವುದೇ ಇಡೀ ಪಟ್ಟಿಯಲ್ಲಿ ಕಷ್ಟದ್ದು. ಟೆಲ್ಮಿಸಾರ್ಟನ್ 40 ತಪ್ಪದೆ ನುಂಗಿಸಿದ ಮೇಲೆ 146ಕ್ಕೆ ಬಂತು. ಆಮ್ಲೋಡಿಪಿನ್ 5 ಸೇರಿಸಿದಾಗ ಪಾದ ಬಾತಿತು, 2.5ಕ್ಕೆ ಇಳಿಸಿದರೆ ಸರಿಹೋಯಿತು. ಒಂದು ವಾರ ನಿಂತಾಗಿನ ಅಳತೆ ಕೂತದ್ದಕ್ಕಿಂತ 24ರಷ್ಟು ಇಳಿದಿತ್ತು. ಮಾತ್ರೆ ಹೆಚ್ಚಾಯಿತೇ ಎಂದು ನೋಡಿದರೆ, ರಾತ್ರಿ ಮೂತ್ರಕ್ಕೆ ಏಳಬೇಕೆಂದು ರೈಟರು ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಹಗಲು ಹೊತ್ತಿನ ನೀರು ಹೆಚ್ಚಿಸಿದಾಗ ಅಂತರ ಕುಗ್ಗಿತು. ಮಾತ್ರೆ ಮುಟ್ಟಲಿಲ್ಲ.

ಜೋಮಿಗೆ, ಫಿಟ್ಸ್ ತಡೆಯುವ ಲೆವೆಟಿರಾಸಿಟಾಮ್ 250 ಮಿ.ಗ್ರಾಂ. ದಿನಕ್ಕೆರಡು ಕೊಟ್ಟಾಗ ಮೂರು ವಾರದಲ್ಲಿ ಸಿಡುಕು ವಿಪರೀತವಾಯಿತು, ಎಂದೂ ಬೈಯದವರು ಹೆಂಡತಿ ಮೇಲೆ ರೇಗತೊಡಗಿದರು. ಮಾತ್ರೆಯ ತಿಳಿದ ಅಡ್ಡಪರಿಣಾಮ ಅದು. ಕಾಯಿಲೆ ಜಾಸ್ತಿಯಾಯಿತು ಎಂದು ತಿಳಿದು ಇನ್ನೊಂದು ಮಾತ್ರೆ ಸೇರಿಸುವುದು ಸುಲಭದ ತಪ್ಪು. ಮೂರು ತಿಂಗಳಿಗೆ ನಿಧಾನವಾಗಿ ಬಿಡಿಸಲಾಯಿತು. ನಾಲ್ಕನೇ ತಿಂಗಳ ಮೇಲೆ ಜೋಮು ಬಂದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನಿಂತದ್ದಕ್ಕೋ, ಬಿಪಿ ಇಳಿದದ್ದಕ್ಕೋ, ತಾನಾಗಿಯೇ ತಗ್ಗಿತೋ ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು.

ಹೊಸ ಇಂಜೆಕ್ಷನ್

ಆರನೇ ತಿಂಗಳಿಗೆ ಮಗ ಲೆಕಾನೆಮಾಬ್ ಬಗ್ಗೆ ಓದಿಕೊಂಡು ಬಂದ. ಖರ್ಚಿಗೆ ತೋಟ ಮಾರುವ ಮಾತೂ ಮನೆಯಲ್ಲಿ ನಡೆದಿತ್ತು. ಅಮಿಲಾಯ್ಡನ್ನು ಹಿಡಿದು ಹೊರಹಾಕುವ ಪ್ರತಿಕಾಯವಿದು, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ವಾರಕ್ಕೊಮ್ಮೆ ಕಿಲೋಗೆ 10 ಮಿ.ಗ್ರಾಂ. ಲೆಕ್ಕದಲ್ಲಿ ಡ್ರಿಪ್. 1,795 ಜನರ ಅಧ್ಯಯನದಲ್ಲಿ 18 ತಿಂಗಳಿಗೆ ಮರೆವಿನ ತೀವ್ರತೆ ಅಳೆಯುವ 18 ಅಂಕದ ಸಿಡಿಆರ್-ಎಸ್‌ಬಿ ಅಳತೆಯಲ್ಲಿ 0.45ರಷ್ಟು ಕುಸಿತ ಕಡಿಮೆಯಾಯಿತು. ನೂರಕ್ಕೆ 27 ನಿಧಾನ ಎಂಬ ಸುದ್ದಿಯ ಹಿಂದಿರುವ ಅಂಕಿ ಅದೇ. ಮಿದುಳಿನ ಊತ ನೂರಕ್ಕೆ 12.6 ಜನರಲ್ಲಿ, ರಕ್ತಸ್ರಾವದ ಗುರುತು 17.3 ಜನರಲ್ಲಿ ಕಂಡಿತು. ತಂದೆ ತಾಯಿ ಇಬ್ಬರಿಂದಲೂ ಇ-4 ಬಂದವರಲ್ಲಿ ಊತ 32.6.

ಯಾಕೆ ಹೀಗೆ ಎಂದು ಕೇಳಿದರೆ ಮತ್ತೆ ಗೋಡೆಗೇ ಬರಬೇಕು. ಪ್ರತಿಕಾಯ ಕರಗಿಸಿದ ಅಮಿಲಾಯ್ಡ್ ಹೊರಹೋಗುವ ದಾರಿ ಇದೇ ನಾಳಗಳ ಗುಂಟ. ಗೋಡೆಯಲ್ಲಿ ಕೂತ ಅಮಿಲಾಯ್ಡಿಗೂ ಪ್ರತಿಕಾಯ ಅಂಟುತ್ತದೆ, ಉರಿಯೂತ ಶುರುವಾಗುತ್ತದೆ, ಮೊದಲೇ ಸಡಿಲವಾದ ಹೊಲಿಗೆ ಬಿಟ್ಟುಕೊಂಡು ಸೋರುತ್ತದೆ. ನಾಲ್ಕಕ್ಕಿಂತ ಹೆಚ್ಚು ಸೂಕ್ಷ್ಮ ರಕ್ತಸ್ರಾವ ಅಥವಾ ಮೇಲ್ಮೈ ಸಿಡರೋಸಿಸ್ ಇದ್ದವರನ್ನು ಅಧ್ಯಯನಕ್ಕೇ ಸೇರಿಸಿರಲಿಲ್ಲ. ರೈಟರಿಗೆ ಎರಡೂ ಇವೆ. ತೀರ್ಮಾನ ಬೇಡ ಎಂದಾಯಿತು, ತೋಟ ಉಳಿಯಿತು.

ಇಲ್ಲಿ ಸಣ್ಣದಾದರೂ ಹೇಳಲೇಬೇಕಾದ ಇನ್ನೊಂದು ತೀರ್ಮಾನವಿದೆ. ಎಪಿಒಇ ಪರೀಕ್ಷೆ ಮಾಡಿಸಿಬಿಡಿ ಎಂದು ಮಗ ಕೇಳಿದ. ಪ್ರತಿಕಾಯ ಕೊಡುವುದಾದರೆ ಅದು ಬೇಕು. ಕೊಡುವುದಿಲ್ಲ ಎಂದಾದ ಮೇಲೆ ಉತ್ತರ ಏನೇ ಬಂದರೂ ರೈಟರ ಚಿಕಿತ್ಸೆ ಬದಲಾಗದು. ಬದಲಾಗುವುದು ಮಗ ಮಗಳ ನಿದ್ದೆ. ಅಪ್ಪನ ರಕ್ತದಲ್ಲಿ ಮಕ್ಕಳ ಅಪಾಯವನ್ನು ಓದುವುದು ಬೇಕಿದ್ದರೆ ಅವರೇ ತಿಳಿದು, ಸಮಾಲೋಚನೆ ಪಡೆದು ಮಾಡಿಸಿಕೊಳ್ಳಲಿ ಎಂದು ಬಿಡಲಾಯಿತು.

ಬೆನ್ನುಹುರಿ ದ್ರವದ ಪರೀಕ್ಷೆ ಮಾತ್ರ ಬೆಂಗಳೂರಿನಲ್ಲಿ ಆಗಿತ್ತು, ಕ್ಲೋಪಿಡೋಗ್ರೆಲ್ ನಿಂತು ವಾರ ದಾಟಿದ ಮೇಲೆ. ಅಮಿಲಾಯ್ಡ್ 42 ಇಳಿದಿತ್ತು, 40 ಕೂಡ ಇಳಿದಿತ್ತು, ಆಲ್ಜೈಮರ್‌ನ ಇನ್ನೊಂದು ಗುರುತಾದ ಫಾಸ್ಫೋ-ಟೌ ಪ್ರೋಟೀನು ಏರಿತ್ತು. ನಾಳದಲ್ಲೂ ಅಮಿಲಾಯ್ಡ್ ಇರುವಾಗ 40 ಕೂಡ ಇಳಿಯುವುದರಿಂದ ಎರಡರ ಅನುಪಾತ ದಾರಿ ತಪ್ಪಿಸಬಹುದು, ಬಿಡಿ ಅಂಕಿಗಳನ್ನೂ ಕೇಳಿ ಪಡೆಯಬೇಕು. ಆಲ್ಜೈಮರ್ ಜೊತೆಗಿದೆ ಎಂದು ಗಟ್ಟಿ ಮಾಡಿದ್ದು ಟೌ.

ಆದದ್ದು

ಒಂದು ವರ್ಷಕ್ಕೆ ಮತ್ತೆ ಎಂಆರ್‌ಐ. ನೆಂಟರ ಮದುವೆಗೆ ಬೆಂಗಳೂರಿಗೆ ಹೋದವರು ಅಲ್ಲೇ 3 ಟೆಸ್ಲಾ ಯಂತ್ರದಲ್ಲಿ ತೆಗೆಸಿಕೊಂಡು ಬಂದರು. ಚುಕ್ಕಿ 19 ಎಂದು ವರದಿ. ಮನೆಯವರು ಕಂಗಾಲು, ಆಸ್ಪಿರಿನ್ ನಿಲ್ಲಿಸಿದ್ದಕ್ಕೇ ಹೀಗಾಯಿತೆಂದು ಮಗಳು ಅತ್ತಳು. ಆದರೆ ಆಯಸ್ಕಾಂತದ ಬಲ ಹೆಚ್ಚಿದಷ್ಟೂ ಸಣ್ಣ ಚುಕ್ಕಿಯೂ ಕಾಣುತ್ತದೆ. 1.5ರಲ್ಲಿ ಎಣಿಸಿದ್ದನ್ನು 3ರಲ್ಲಿ ಎಣಿಸಿದ್ದರ ಜೊತೆ ಹೋಲಿಸುವ ಹಾಗಿಲ್ಲ. ಹಳೆಯ ಯಂತ್ರದಲ್ಲೇ, ಅದೇ ಸ್ಲೈಸ್ ದಪ್ಪದಲ್ಲಿ ಮತ್ತೆ ತೆಗೆದಾಗ ಸಿಕ್ಕಿದ್ದು 12. ಒಂದು ಹೊಸದು. ಸಿಡರೋಸಿಸ್ ಗೆರೆ ಬೆಳೆದಿರಲಿಲ್ಲ.

18 ತಿಂಗಳಿಗೆ ಮೋಕಾ 17. ಮರೆವು ನಿಂತಿಲ್ಲ, ನಿಲ್ಲುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಸ್ನಾನ, ಊಟ, ಬಟ್ಟೆ ತಾವೇ ನೋಡಿಕೊಳ್ಳುತ್ತಾರೆ. ಹಣ, ಗ್ಯಾಸ್ ಒಲೆ, ಬೈಕು ಮನೆಯವರ ಕೈಗೆ ಬಂದಿವೆ. ದೊಡ್ಡ ರಕ್ತಸ್ರಾವ ಆಗಿಲ್ಲ. ಬಿಪಿ 126ರಿಂದ 132ರ ನಡುವೆ ಇದೆ. ತೂಕದ ಪುಸ್ತಕ ಬಿಡಿಸಲಾಗಿದೆ, ಆದರೆ ಕೊಯ್ಲಿನ ಸಂಜೆ ಕಣದ ಹತ್ತಿರ ಕುರ್ಚಿ ಹಾಕಿ ಕೂರಿಸುತ್ತಾರೆ, ಆಳುಗಳೂ ‘ರೈಟ್ರೇ’ ಎಂದು ಮಾತಾಡಿಸಿ ಹೋಗುತ್ತಾರೆ.

ಇದೇ ರೀತಿಯ ರೋಗಿ ಎದುರಾದವರಿಗೆ ಮೂರು ಕಡೆ ದಾರಿ ತಪ್ಪುವ ಸಂಭವ ಹೆಚ್ಚು. ಜೋಮು ಬಂತೇ ಎಂದು ಕೇಳಿ ಬಿಡುತ್ತಾರೆ, ಎಲ್ಲಿಂದ ಎಲ್ಲಿಗೆ ಎಷ್ಟು ನಿಮಿಷದಲ್ಲಿ ಹರಿಯಿತು ಎಂದು ಕೇಳುವುದಿಲ್ಲ. ಇಲ್ಲಿ ರೋಗಿಗೆ ನೆನಪಿರಲಿಲ್ಲ, ಎದುರು ಕೂತಿದ್ದ ಹೆಂಡತಿಗೆ ಇತ್ತು. ವಯಸ್ಸಾದವರ ಮರೆವಿಗೆ ಎಂಆರ್‌ಐ ಬರೆಯುವಾಗ ಎಸ್‌ಡಬ್ಲ್ಯುಐ ಎಂದು ಚೀಟಿಯಲ್ಲೇ ನಮೂದಿಸುವುದಿಲ್ಲ. ಮತ್ತೆ ‘ಇರಲಿ’ ಎಂದು ಆಸ್ಪಿರಿನ್ ಸೇರಿಸುತ್ತಾರೆ. ಸ್ಟ್ರೋಕ್ ಆಗದ, ಹೃದಯದ ತೊಂದರೆ ಇಲ್ಲದ ಆಲ್ಜೈಮರ್ ರೋಗಿಗೆ ಅದರಿಂದ ನೆನಪು ಸುಧಾರಿಸಿದ್ದನ್ನು ಯಾವ ದೊಡ್ಡ ಅಧ್ಯಯನವೂ ತೋರಿಸಿಲ್ಲ, ರಕ್ತಸ್ರಾವ ಹೆಚ್ಚಿದ್ದನ್ನು ತೋರಿಸಿವೆ.

ರೈಟರ ಮುಂದಿನ ಎಂಆರ್‌ಐ ವರ್ಷ ತುಂಬಿದ ಮೇಲೆ, ಅದೇ 1.5 ಟೆಸ್ಲಾ ಯಂತ್ರದಲ್ಲಿ. ಅದಕ್ಕೆ ಮುಂಚೆ ತಲೆನೋವು, ಗೊಂದಲ ದಿಢೀರನೆ ಏರಿದರೆ ಕಾಯದೆ ತೆಗೆಸಬೇಕು. ನಾಳದ ಅಮಿಲಾಯ್ಡಿನ ಸುತ್ತ ಉರಿಯೂತ ತಾನಾಗಿಯೇ ಹುಟ್ಟುವುದುಂಟು, ಅದಕ್ಕೆ ಸ್ಟೀರಾಯ್ಡ್ ಕೆಲಸ ಮಾಡುತ್ತದೆ. ಮರೆವು ಜಾಸ್ತಿಯಾಯಿತು ಎಂದು ಮನೆಯಲ್ಲೇ ಕೂತರೆ ಆ ಅವಕಾಶ ತಪ್ಪಿಹೋಗುತ್ತದೆ. ಸೊಸೆಯ ಬಿಪಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಇದನ್ನು ಬರೆದು ಅಂಟಿಸಿದೆ.